ಬಿದ್ದವನನ್ನು ಎತ್ತೋ ಮುಂಚೆ



ಹುಣಸೆ ಉದುರಿಸೋ ಕಾಲ ಬಂತು. ಈ ಕಡೆ ರಾಜಾನುಕುಂಟೆಯಿಂದ ಆ ಕಡೆ ಹೆಸರಘಟ್ಟದವರೆಗೂ ಲೇಔಟ್ ಬಾಯಿಗೆ ಬೀಳದೆ ಉಳಿದಿರೋ ಮರಗಳಿಗೆ ಜನ ಹತ್ತೋಕೆ ಶುರು ಮಾಡಿದ್ದಾರೆ. ತೆಂಗಿನಕಾಯಿಗಂತೂ ವರ್ಷ ಪೂರ್ತಿ ಹತ್ತೋದು ಇದ್ದೇ ಇದೆ. ಸಾಮಾನ್ಯವಾಗಿ ನಾನು ಇಲ್ಲಿ ರಾಗಿ, ಹನಿ ನೀರು, ಹಸುವಿನ ಕೆಚ್ಚಲು ಬಾವು ಇಂಥದ್ದೇ ಬರೆಯೋದು. ಈ ಸಲ ಮರದಿಂದ ಬಿದ್ದವರ ಬೆನ್ನುಹುರಿ ವಿಚಾರ ಬರೀತಾ ಇದೀನಿ. ಸ್ವಲ್ಪ ಉದ್ದ ಆಗುತ್ತೆ. ಮನೇಲಿ ಮರ ಹತ್ತೋರು, ಟ್ರ್ಯಾಕ್ಟರ್ ಓಡಿಸೋರು ಇದ್ದರೆ ಅವರಿಗೂ ಓದಿ ಹೇಳಿ.

ನಮ್ಮ ಕಡೆ ಯಾರಾದ್ರೂ ಮರದಿಂದ ಬಿದ್ದು ಕಾಲು ಸ್ವಾಧೀನ ತಪ್ಪಿದರೆ ಎಲ್ಲರೂ ಒಂದೇ ಮಾತು ಹೇಳೋದು: "ಸೊಂಟ ಬಿದ್ದುಹೋಯ್ತು, ಅವನ ಹಣೆಬರಹ." ಈ ಮಾತನ್ನ ನಾನು ಒಪ್ಪಲ್ಲ. ಬಿದ್ದ ಆ ಒಂದು ಕ್ಷಣ ಹಣೆಬರಹ ಅಂದ್ಕೊಳ್ಳಿ, ಬೇಡ ಅನ್ನಲ್ಲ. ಆದ್ರೆ ಆಮೇಲಿನ ಒಂದು ದಿನದಲ್ಲಿ ಆಗೋದೆಲ್ಲ ಹಣೆಬರಹ ಅಲ್ಲ. ಅದರಲ್ಲಿ ಡಾಕ್ಟರ ಕೈ ಇದೆ, ಅದಕ್ಕಿಂತ ಮೊದಲು ನಮ್ಮ ಕೈ ಇದೆ. ಯಾಕೆ ಅಂತ ಹೇಳಬೇಕಾದ್ರೆ ಬೆನ್ನೊಳಗೆ ಏನಾಗುತ್ತೆ ಅಂತ ಮೊದಲು ಹೇಳಬೇಕು.

ಬೆನ್ನುಮೂಳೆ ಬೇರೆ, ಬೆನ್ನುಹುರಿ ಬೇರೆ. ಮೂಳೆ ಅನ್ನೋದು ಪೈಪು, ಹುರಿ ಅನ್ನೋದು ಅದರೊಳಗಿನ ಕೇಬಲ್ಲು. ದೊಡ್ಡವರಲ್ಲಿ ಸುಮಾರು 45 ಸೆಂಟಿಮೀಟರ್ ಉದ್ದ, ಕೈಬೆರಳಿನಷ್ಟು ದಪ್ಪ, ಬೆಣ್ಣೆ ಹಂಗೆ ಮೆತ್ತಗೆ. ಕುತ್ತಿಗೆಯಿಂದ ಇಳಿದು ಸೊಂಟದ ಮೇಲ್ಭಾಗಕ್ಕೇ ಮುಗಿದುಹೋಗುತ್ತೆ, ಅಲ್ಲಿಂದ ಕೆಳಗೆ ಕುದುರೆ ಬಾಲದ ಥರ ನರಗಳು ಹರಡಿಕೊಂಡು ಹೋಗುತ್ತವೆ. ಹುರಿಯ ಸುತ್ತ ನೀರು, ನೀರಿನ ಸುತ್ತ ಗಟ್ಟಿ ಪೊರೆ, ಪೊರೆಯ ಸುತ್ತ ಮೂಳೆ. ಈ ಪೊರೆ ತೊಗಲಿನ ಚೀಲದ ಥರ, ರಬ್ಬರಿನಂಗೆ ಹಿಗ್ಗಲ್ಲ. ಇದನ್ನ ನೆನಪಿಟ್ಟುಕೊಳ್ಳಿ, ಮುಂದಿನ ಕಥೆಯೆಲ್ಲ ಇದರ ಮೇಲೇ ನಿಂತಿದೆ.

ಮರದಿಂದ ಕುಕ್ಕರಿಸಿ ಬಿದ್ದಾಗ ಜಾಸ್ತಿ ಮುರಿಯೋದು ಎದೆಮೂಳೆ ಮುಗಿದು ಸೊಂಟದ ಮೂಳೆ ಶುರುವಾಗೋ ಕಡೆ. ತಲೆಕೆಳಗಾಗಿ ಬಿದ್ದರೆ ಕುತ್ತಿಗೆ. ಸೊಂಟದ ಹತ್ರ ಆದ್ರೆ ಕಾಲು, ಮೂತ್ರ, ಮಲದ ಹಿಡಿತ ಹೋಗುತ್ತೆ. ಕುತ್ತಿಗೆ ಆದ್ರೆ ಕೈಯೂ ಹೋಗುತ್ತೆ, ತೀರಾ ಮೇಲೆ ಆದ್ರೆ ಉಸಿರೇ ಹೋಗುತ್ತೆ.

ಈಗ ನಮಗೆ ಗೊತ್ತಿಲ್ಲದ ವಿಷಯ. ಮೂಳೆ ಮುರಿದು ಹುರಿಗೆ ಏಟು ಬಿದ್ದಾಗ ಎಷ್ಟೋ ಸಲ ಹುರಿ ಪೂರ್ತಿ ತುಂಡಾಗಿರಲ್ಲ. ಜಜ್ಜಿರುತ್ತೆ. ಜಜ್ಜಿದ ಜಾಗ ಊದಿಕೊಳ್ಳುತ್ತೆ, ಒಳಗೆ ರಕ್ತ ಜಿನುಗುತ್ತೆ. ಬೆರಳಿಗೆ ಸುತ್ತಿಗೆ ಏಟು ಬಿದ್ದರೆ ಬೆರಳು ಊದುತ್ತೆ, ಊದೋಕೆ ಜಾಗ ಇದೆ. ಹುರಿಗೆ ಊದೋಕೆ ಜಾಗ ಇಲ್ಲ. ಒಂದು ಕಡೆ ಮುರಿದ ಮೂಳೆ ಒತ್ತುತ್ತೆ, ಇನ್ನೊಂದು ಕಡೆ ಹಿಗ್ಗದ ಪೊರೆ ಬಿಗಿಯುತ್ತೆ. ಒಳಗಿನ ಒತ್ತಡ ಏರಿದ ಹಾಗೆ ರಕ್ತ ಬರೋದು ಕಮ್ಮಿ ಆಗುತ್ತೆ. ರಕ್ತ ಸಾಲದೆ ಪಕ್ಕದಲ್ಲಿ ಚೆನ್ನಾಗಿದ್ದ ನರವೂ ಸಾಯುತ್ತೆ. ಅದು ಸತ್ತು ಇನ್ನಷ್ಟು ಊತ. ಅಂದ್ರೆ ಬಿದ್ದಾಗ ಒಂದು ಏಟು, ಆಮೇಲೆ ಗಂಟೆಗಟ್ಟಲೆ, ದಿನಗಟ್ಟಲೆ ಒಳಗೊಳಗೇ ಎರಡನೇ ಏಟು. ಡಾಕ್ಟರು ಹೊಡೆದಾಡೋದು ಈ ಎರಡನೇ ಏಟಿನ ಮೇಲೆ.

ಹಸು ಸಾಕಿದವರಿಗೆ ಇದು ಸುಲಭವಾಗಿ ಅರ್ಥ ಆಗುತ್ತೆ. ಹಸಿ ಲೂಸರ್ನ್ ಜಾಸ್ತಿ ಮೇದ ಹಸುಗೆ ಹೊಟ್ಟೆ ಉಬ್ಬರ ಬಂದಾಗ ಅದು ಸಾಯೋದು ಮೇವಿನ ವಿಷದಿಂದ ಅಲ್ಲ, ಒತ್ತಡದಿಂದ. ಉಬ್ಬಿದ ಹೊಟ್ಟೆ ಶ್ವಾಸಕೋಶ ಒತ್ತುತ್ತೆ, ರಕ್ತ ಓಡಾಟ ನಿಲ್ಲುತ್ತೆ. ಪಶು ಡಾಕ್ಟರು ಎಡ ಪಕ್ಕೆಗೆ ಟ್ರೋಕಾರ್ ಚುಚ್ಚಿ ಗಾಳಿ ಬಿಟ್ಟರು ಅಂದ್ರೆ ಹಸು ಎದ್ದು ನಿಲ್ಲುತ್ತೆ. ಅರ್ಧ ಗಂಟೆ ತಡ ಆದ್ರೆ ಹಸು ಇಲ್ಲ. ಅದಕ್ಕೇ ಉಬ್ಬರ ಬಂದಾಗ ನಾವು ಯಾರೂ "ಬೆಳಗ್ಗೆ ನೋಡೋಣ" ಅನ್ನಲ್ಲ. ಮನುಷ್ಯ ಮರದಿಂದ ಬಿದ್ದಾಗ ಮಾತ್ರ ಅಂತೀವಿ.

ಒತ್ತಡ ಇಳಿಸಿದರೆ ಹುರಿ ಉಳಿಯುತ್ತೆ ಅನ್ನೋ ಯೋಚನೆ ಹೊಸದೇನಲ್ಲ. 1911ರಲ್ಲೇ ಅಮೆರಿಕದ ಆಲ್ಫ್ರೆಡ್ ರೆಜಿನಾಲ್ಡ್ ಅಲೆನ್ ಅನ್ನೋ ಡಾಕ್ಟರು ನಾಯಿಗಳ ಬೆನ್ನುಹುರಿ ಮೇಲೆ ಅಳತೆ ಮಾಡಿದ ತೂಕ ಬೀಳಿಸಿ ಪರೀಕ್ಷೆ ಮಾಡಿದ್ದರು. ಏಟು ಬಿದ್ದ ಮೇಲೆ ಹುರಿಯ ಮಧ್ಯೆ ಸೀಳಿ ಒಳಗೆ ತುಂಬಿದ ರಕ್ತ, ನೀರು ಹೊರಗೆ ಬಿಟ್ಟ ನಾಯಿಗಳು ಬಿಡದ ನಾಯಿಗಳಿಗಿಂತ ಚೆನ್ನಾಗಿ ಚೇತರಿಸಿಕೊಂಡವು. ನಾಯಿಗಳ ಪಾಡು ನೆನೆದರೆ ಹೊಟ್ಟೆ ಚುರುಕ್ ಅನ್ನುತ್ತೆ. ಆದ್ರೆ ಏಟು ಬಿದ್ದ ಮೇಲೂ ಮಾಡೋ ಕೆಲಸ ಇದೆ ಅಂತ ತೋರಿಸಿಕೊಟ್ಟಿದ್ದು ಆ ಪ್ರಯೋಗ.

ಇನ್ನು ನೂರು ವರ್ಷ ಆದಮೇಲೆ ಲಂಡನ್ನಿನ ಸೇಂಟ್ ಜಾರ್ಜ್ಸ್ ಆಸ್ಪತ್ರೆ ಕಡೆಯವರು ಒಂದು ಹೆಜ್ಜೆ ಮುಂದೆ ಹೋದರು. ಪಾಪಡೊಪೌಲಸ್, ಸಾದೂನ್ ಅನ್ನೋರ ತಂಡ. ಮೂಳೆ ಸರಿಮಾಡೋ ಆಪರೇಷನ್ ಮಾಡುವಾಗಲೇ ಸಣ್ಣ ತಂತಿಯಂಥ ಒತ್ತಡ ಮಾಪಕವನ್ನ ಪೊರೆಯ ಒಳಗೆ, ಏಟು ಬಿದ್ದ ಜಾಗದಲ್ಲೇ ಇಟ್ಟು, ಆಮೇಲೆ ದಿನಗಟ್ಟಲೆ ಹುರಿಯ ಒತ್ತಡ ಎಷ್ಟಿದೆ ಅಂತ ಮಾನಿಟರಿನಲ್ಲಿ ನೋಡ್ತಾ ಹೋದರು. 2014ರಲ್ಲಿ ಮೊದಲ 18 ರೋಗಿಗಳ ಲೆಕ್ಕ ಹೊರಗೆ ಬಂತು. ತಲೆಗೆ ಏಟು ಬಿದ್ದವರಿಗೆ ತಲೆಯೊಳಗಿನ ಒತ್ತಡ ಅಳೆಯೋದು ಎಷ್ಟೋ ವರ್ಷದಿಂದ ಇತ್ತು, ಬೆನ್ನಿಗೂ ಅದನ್ನೇ ಮಾಡಬಹುದು ಅಂತ ತೋರಿಸಿದರು.

ಅವರು ಕಂಡುಕೊಂಡಿದ್ದರಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಎರಡು. ಒಂದು, ಮೇಲಿನ ಮೂಳೆ ತೆಗೆದು ಜಾಗ ಮಾಡಿಕೊಟ್ಟರೂ ಎಷ್ಟೋ ಜನರಲ್ಲಿ ಒತ್ತಡ ಇಳಿಯಲ್ಲ, ಯಾಕಂದ್ರೆ ಊದಿದ ಹುರಿಯನ್ನ ಪೊರೆ ಬಿಗಿಹಿಡಿದಿರುತ್ತೆ. ಅದಕ್ಕೆ ಪೊರೆಯನ್ನೂ ಸೀಳಿ, ಬಿಗಿಯಾದ ರವಿಕೆಗೆ ಪಟ್ಟಿ ಕೊಟ್ಟು ಸಡಿಲ ಮಾಡೋ ಥರ ಒಂದು ತುಂಡು ಸೇರಿಸಿ ಹೊಲಿದರೆ ಒತ್ತಡ ಇಳಿಯುತ್ತೆ. ಹೊಲಿದವರ ಕೈಕಾಲು ಹೊಲಿಯದವರಿಗಿಂತ ಚೆನ್ನಾಗಿ ಬರುತ್ತಾ ಅನ್ನೋದನ್ನ ಈಗ ದೊಡ್ಡ ಪರೀಕ್ಷೆ ಇಟ್ಟು ನೋಡ್ತಾ ಇದಾರೆ. ಹಾಗಾಗಿ ಯಾರೂ ಆಸ್ಪತ್ರೆಗೆ ಹೋಗಿ "ಪೊರೆ ಸೀಳಿ" ಅಂತ ಜಗಳ ಆಡಬೇಡಿ.

ಎರಡನೇದು ನಮ್ಮ ಮೋಟರ್ ಲೆಕ್ಕ. ಹುರಿಗೆ ಎಷ್ಟು ರಕ್ತ ತಲುಪುತ್ತೆ ಅನ್ನೋದು ಬರೀ ಬಿಪಿ ಮೇಲೆ ಇಲ್ಲ, ಬರೀ ಒಳಗಿನ ಒತ್ತಡದ ಮೇಲೂ ಇಲ್ಲ. ಒಂದರಲ್ಲಿ ಇನ್ನೊಂದು ಕಳೀಬೇಕು. ಮೋಟರ್ ತಳ್ಳೋ ಒತ್ತಡದಲ್ಲಿ ಎದುರು ಒತ್ತಡ ಕಳೆದು ಉಳಿದಷ್ಟೇ ಕೊನೆ ಗಿಡಕ್ಕೆ ನೀರು. ಎತ್ತರದ ಮಡಿಗೆ ಹನಿ ಪೈಪು ಎಳೆದವರಿಗೆ ಇದು ಹೇಳಿಕೊಡಬೇಕಾಗಿಲ್ಲ. ಸರಾಸರಿ ಬಿಪಿ 85 ಇದ್ದು ಹುರಿಯ ಒತ್ತಡ 10 ಇದ್ದರೆ ತಳ್ಳೋಕೆ 75 ಉಳೀತು. ಬಿಪಿ 65ಕ್ಕೆ ಬಿದ್ದು ಒಳಗಿನ ಒತ್ತಡ 30ಕ್ಕೆ ಏರಿದರೆ ಉಳಿಯೋದು 35. ಕೊನೆ ಗಿಡ ಒಣಗಿತು.

ತೊಂದರೆ ಏನಪ್ಪಾ ಅಂದ್ರೆ, ಕುತ್ತಿಗೆ ಅಥವಾ ಎದೆಯ ಮೇಲ್ಭಾಗದಲ್ಲಿ ಹುರಿಗೆ ಏಟು ಬಿದ್ದವರಿಗೆ ಬಿಪಿ ತಾನಾಗೇ ಕುಸಿಯುತ್ತೆ. ರಕ್ತನಾಳಗಳನ್ನ ಬಿಗಿಯಾಗಿ ಇಟ್ಟಿರೋ ನರಗಳೇ ಕೆಲಸ ನಿಲ್ಲಿಸಿರುತ್ತವೆ. ರಕ್ತ ಸುರಿದು ಬಿಪಿ ಬಿದ್ದವನಿಗೆ ನಾಡಿ ಓಡುತ್ತೆ, ಇವರಿಗೆ ನಾಡಿಯೂ ನಿಧಾನ ಆಗಬಹುದು. ಹೊರಗೆ ಗಾಯ ಇಲ್ಲ, ರಕ್ತ ಇಲ್ಲ, ಮಾತೂ ಆಡ್ತಾ ಇರ್ತಾನೆ. ನೋಡಿದವರು "ಏನೂ ಆಗಿಲ್ಲ, ಮರಗಟ್ಟಿದೆ ಅಷ್ಟೇ, ಸ್ವಲ್ಪ ಹೊತ್ತು ಮಲಗಲಿ" ಅಂತಾರೆ. ಆ ಸ್ವಲ್ಪ ಹೊತ್ತಿನಲ್ಲೇ ಒಳಗೆ ಬೆಳೆ ಒಣಗ್ತಾ ಇರುತ್ತೆ.

ಲಂಡನ್ನಿನ ತಂತಿ ನಮ್ಮೂರ ಹುಡುಗನಿಗೆ ಸಿಗದೇ ಇರಬಹುದು. ಆದ್ರೆ ಲೆಕ್ಕದ ಅರ್ಧ ಭಾಗ, ಅಂದ್ರೆ ಬಿಪಿ ಕಡೆಯದು, ಐಸಿಯು ಇರೋ ಯಾವ ಆಸ್ಪತ್ರೆಯಲ್ಲೂ ಆಗುತ್ತೆ. ನಮ್ಮ ನೆಂಟರ ಹುಡುಗ ತೆಂಗಿನ ಮರದಿಂದ ಬಿದ್ದಾಗ ಹದಿನೆಂಟು ದಿನ ನಾನೂ ಆಸ್ಪತ್ರೆಗೆ ಓಡಾಡಿದೆ. ಮಾನಿಟರಿನಲ್ಲಿ ಬಿಪಿ ಎರಡು ಅಂಕಿ ಬಂದು ಪಕ್ಕದಲ್ಲಿ ಬ್ರಾಕೆಟ್ಟಿನೊಳಗೆ ಮೂರನೇದು ಬರ್ತಿತ್ತು. ಆ ಮೂರನೇದು ಸರಾಸರಿ ಒತ್ತಡ, ಅವರ ಭಾಷೇಲಿ ಮ್ಯಾಪ್. ಬೆನ್ನುಹುರಿ ರೋಗಿಗೆ ನೋಡಬೇಕಾದ್ದು ಅದನ್ನೇ ಅಂತ ಅಲ್ಲಿನ ನರ್ಸಮ್ಮ ಹೇಳಿಕೊಟ್ಟರು. ಲೆಕ್ಕ ಸುಲಭ: ಮೇಲಿನ ಬಿಪಿಯಲ್ಲಿ ಕೆಳಗಿನದ್ದು ಕಳೆದು, ಮೂರರಿಂದ ಭಾಗಿಸಿ, ಕೆಳಗಿನದಕ್ಕೆ ಸೇರಿಸಿ. 120ಕ್ಕೆ 80 ಇದ್ದರೆ 93. 90ಕ್ಕೆ 60 ಇದ್ದರೆ 70. ಅಮೆರಿಕದ 2013ರ ಮಾರ್ಗಸೂಚಿ ಮೊದಲ 7 ದಿನ ಇದನ್ನ 85ರಿಂದ 90ರ ಮಧ್ಯೆ ಹಿಡಿದಿಡಿ ಅಂತಿತ್ತು. 2024ರಲ್ಲಿ ಬಂದ ಹೊಸದು ಸ್ವಲ್ಪ ಸಡಿಲ ಮಾಡಿ 75-80ಕ್ಕಿಂತ ಕೆಳಗೆ ಬಿಡಬೇಡಿ, 90-95 ದಾಟಿಸಬೇಡಿ, 3ರಿಂದ 7 ದಿನ ಅಂತ ಹೇಳಿದೆ. ಡ್ರಿಪ್ಪು, ಔಷಧಿ ಕೊಟ್ಟು ಹಿಡಿದಿಡೋ ಕೆಲಸ ಅವರದು. ಎಷ್ಟಕ್ಕೆ ಹಿಡಿದಿದೀರಿ ಅಂತ ಮರ್ಯಾದೆಯಿಂದ ಕೇಳೋ ಹಕ್ಕು ನಮ್ಮದು. ಒಳ್ಳೇ ಡಾಕ್ಟರು ಕೇಳಿದ್ದಕ್ಕೆ ಬೇಜಾರು ಮಾಡ್ಕೊಳ್ಳಲ್ಲ.

ಆ ಹುಡುಗನ್ನ ಮೊದಲು ಹತ್ತಿರದ ಒಂದು ನರ್ಸಿಂಗ್ ಹೋಮಿಗೆ ಸೇರಿಸಿದ್ದರು. ಅಲ್ಲಿ ಎಂಆರ್‌ಐ ಇಲ್ಲ, ನರದ ಸರ್ಜನ್ ಇಲ್ಲ. ಇಲ್ಲ ಅಂತ ಮೊದಲೇ ಹೇಳಿ ಕಳಿಸೋದು ಬಿಟ್ಟು ಒಂದು ರಾತ್ರಿ ಪೂರ್ತಿ ಎಕ್ಸ್‌ರೇ, ಗ್ಲೂಕೋಸ್ ಅಂತ ಇಟ್ಕೊಂಡರು. ಬೆಳಗ್ಗೆ ಬಿಲ್ಲು ಕಟ್ಟಿಸಿಕೊಂಡು "ದೊಡ್ಡ ಆಸ್ಪತ್ರೆಗೆ ಹೋಗಿ" ಅಂದರು. ಹೆಸರು ಬೇಡ, ಒಂದು ಹೆಸರಿನ ಕಥೆ ಅಲ್ಲ ಇದು. ಆ ಒಂದು ರಾತ್ರಿಯ ಬೆಲೆ ಏನು ಅಂತ ಹೇಳ್ತೀನಿ ಕೇಳಿ.

2012ರಲ್ಲಿ ಉತ್ತರ ಅಮೆರಿಕದ ಕೆಲವು ಆಸ್ಪತ್ರೆಗಳ ಲೆಕ್ಕ ಪ್ರಕಟ ಆಯ್ತು. ಕುತ್ತಿಗೆಯಲ್ಲಿ ಹುರಿಗೆ ಏಟು ಬಿದ್ದ 313 ಜನರನ್ನ ಸೇರಿಸಿಕೊಂಡಿದ್ದರು. ಏಟಿನ ಜೋರನ್ನ ಡಾಕ್ಟರು ಎ ಯಿಂದ ಇ ವರೆಗೆ ಐದು ಮೆಟ್ಟಿಲು ಮಾಡ್ತಾರೆ. ಎ ಅಂದ್ರೆ ಏನೂ ಗೊತ್ತಾಗಲ್ಲ, ಅಲ್ಲಾಡಲ್ಲ. ಇ ಅಂದ್ರೆ ಮಾಮೂಲಿ. 24 ಗಂಟೆಯೊಳಗೆ ಆಪರೇಷನ್ ಮಾಡಿ ಒತ್ತಡ ಬಿಡಿಸಿದವರಲ್ಲಿ ನೂರಕ್ಕೆ ಸುಮಾರು 20 ಜನ ಆರು ತಿಂಗಳಲ್ಲಿ ಎರಡು ಮೆಟ್ಟಿಲಾದರೂ ಮೇಲೆ ಬಂದಿದ್ದರು. ತಡ ಮಾಡಿದವರಲ್ಲಿ ನೂರಕ್ಕೆ ಸುಮಾರು 9. ಎಲ್ಲರೂ ಎದ್ದು ಓಡಾಡ್ತಾರೆ ಅಂತ ನಾನು ಹೇಳ್ತಾ ಇಲ್ಲ, ಹಾಗೆ ಹೇಳೋರನ್ನ ನಂಬಲೂ ಬೇಡಿ. ಆದ್ರೆ ಎರಡು ಮೆಟ್ಟಿಲು ಅಂದ್ರೆ ತಾನೇ ಅನ್ನ ಕಲಸಿ ತಿನ್ನೋದಕ್ಕೂ ಇನ್ನೊಬ್ಬರ ಕೈ ಕಾಯೋದಕ್ಕೂ ಇರೋ ವ್ಯತ್ಯಾಸ ಆಗಬಹುದು. 2024ರ ಮಾರ್ಗಸೂಚಿಯೂ ಯಾವ ಜಾಗದ ಹುರಿ ಏಟಾದರೂ ರೋಗಿಯ ಸ್ಥಿತಿ ಒಪ್ಪಿದರೆ 24 ಗಂಟೆಯೊಳಗೆ ಅಂತಲೇ ಹೇಳಿದೆ.

ಈಗ ನಮ್ಮ ಕಡೆಯ 24 ಗಂಟೆ ಹೇಗೆ ಕಳೆಯುತ್ತೆ ನೋಡಿ. ಬಿದ್ದಾಗ ಮಧ್ಯಾಹ್ನ. ಅರಿಶಿನ ಎಣ್ಣೆ ಹಚ್ಚೋದು ಒಂದು ಗಂಟೆ. ದೊಡ್ಡಪ್ಪ ಬರಲಿ, ಮೇಸ್ತ್ರಿ ಬರಲಿ ಅಂತ ಎರಡು ಗಂಟೆ. ಹತ್ತಿರದ ಕ್ಲಿನಿಕ್ಕು. ಅಲ್ಲಿಂದ ನರ್ಸಿಂಗ್ ಹೋಮು. ಅಷ್ಟರಲ್ಲಿ ಸಂಜೆ, ಹೆಬ್ಬಾಳ ಫ್ಲೈಓವರ್ ಕೆಳಗೆ ಗಾಡಿ ನಿಂತಿರುತ್ತೆ. ಇನ್ನು ಯಾರೋ ಒಬ್ಬರು ಫೋನಿನಲ್ಲಿ "ಆಪರೇಷನ್‌ಗೆ ಸೈನ್ ಹಾಕಬೇಡಿ, ನಾನು ಕೇಳಿ ಹೇಳ್ತೀನಿ" ಅಂತಾರೆ. ಅವರು ಕೇಳಿ ಹೇಳೋದು ಮೂರನೇ ದಿನ. ಮನೆ ಯಜಮಾನಿಕೆಯ ಮಾತು ಮದುವೆ ಮಾತುಕತೆಗೆ ಇರಲಿ, ಇಂಥದ್ದಕ್ಕೆ ಬೇಡ.

ಮೂಳೆ ಕಟ್ಟೋರ ಬಗ್ಗೆಯೂ ಹೇಳಿಬಿಡ್ತೀನಿ, ಬೈಯ್ಯೋರು ಬೈಯ್ಯಲಿ. ಪುತ್ತೂರು ಕಟ್ಟು ಹಾಕಿಸಿಕೊಂಡು ಕೈ ಸರಿ ಮಾಡಿಕೊಂಡೋರು ನಮ್ಮಲ್ಲಿ ಬೇಕಾದಷ್ಟು ಜನ ಇದಾರೆ. ಅವರ ಹತ್ರ ನಾನು ವಾದ ಮಾಡಲ್ಲ. ಆದ್ರೆ ಬೆನ್ನು, ಕುತ್ತಿಗೆ ಅವರ ಕೆಲಸ ಅಲ್ಲ. ಎಳೆದು ಕೂರಿಸೋದು, ತಿರುವಿ ಲಟಿಕೆ ತೆಗೆಯೋದು, ಎಣ್ಣೆ ಹಾಕಿ ತಿಕ್ಕೋದು ಯಾವುದೂ ಬೇಡ. ಮುರಿದ ಮೂಳೆಯ ಚೂರು ಹುರಿಗೆ ನೂಲಿನಷ್ಟು ದೂರದಲ್ಲಿ ನಿಂತಿರಬಹುದು. ಆ ನೂಲನ್ನ ದಾಟಿಸೋದು ಒಂದು ತಿರುವು ಸಾಕು.

ಇದೇ ಕಾರಣಕ್ಕೆ ನಾನು ಈ ಬರಹ ಶುರು ಮಾಡಿದ್ದು. ನಮ್ಮಲ್ಲಿ ಬಿದ್ದವನನ್ನ ಎತ್ತೋ ರೀತಿ ನೋಡಿದೀರಲ್ಲ. ಒಬ್ಬ ಕಂಕುಳಿಗೆ ಕೈ ಹಾಕ್ತಾನೆ, ಒಬ್ಬ ಕಾಲು ಹಿಡೀತಾನೆ, ಮಧ್ಯೆ ಸೊಂಟ ತೊಟ್ಟಿಲಿನ ಥರ ಜೋತಾಡುತ್ತೆ. ಆಮೇಲೆ ಕೂರಿಸಿ ನೀರು ಕುಡಿಸ್ತಾರೆ. "ನಿಲ್ಲಪ್ಪಾ, ನಿಂತು ನೋಡು" ಅಂತ ಒಬ್ಬ. ಬೈಕಿನಲ್ಲಿ ಇಬ್ಬರ ಮಧ್ಯೆ ಕೂರಿಸಿಕೊಂಡು ಹೋಗಿದ್ದನ್ನೂ ಕಂಡಿದೀನಿ. ಪ್ರೀತಿಯಿಂದಲೇ ಮಾಡ್ತಾರೆ, ಯಾರ ಮನಸ್ಸಲ್ಲೂ ಕೆಟ್ಟದ್ದಿಲ್ಲ. ಆದ್ರೆ ಮರ ಮಾಡದ ಅನಾಹುತ ಈ ಪ್ರೀತಿ ಮಾಡಬಹುದು.

ಎತ್ತರದಿಂದ ಬಿದ್ದವನು, ಟ್ರ್ಯಾಕ್ಟರ್ ಮಗುಚಿ ಕೆಳಗೆ ಸಿಕ್ಕವನು, ಬಾವಿಗೆ ತಲೆಕೆಳಗಾಗಿ ಹಾರಿ ಏಟು ಮಾಡಿಕೊಂಡವನು, ಯಾರೇ ಆಗಲಿ, ಬೆನ್ನು ಮುರಿದಿದೆ ಅಂತಲೇ ಅಂದ್ಕೊಳ್ಳಿ. ಇಲ್ಲ ಅಂತ ಹೇಳೋ ಅಧಿಕಾರ ಸ್ಕ್ಯಾನಿಗೆ ಮಾತ್ರ. ಉಸಿರಾಡ್ತಾ ಇದಾನಾ ನೋಡಿ. ರಕ್ತ ಸುರೀತಿದ್ದರೆ ಬಟ್ಟೆ ಒತ್ತಿ ಹಿಡೀರಿ. 108ಕ್ಕೆ ಫೋನ್ ಮಾಡುವಾಗಲೇ "ಮರದಿಂದ ಬಿದ್ದಿದಾನೆ, ಬೆನ್ನಿಗೆ ಏಟು" ಅಂತ ಹೇಳಿ. 2008ರ ನವೆಂಬರ್ ಒಂದರಿಂದ ನಮ್ಮ ರಾಜ್ಯದಲ್ಲಿ ಆ ಗಾಡಿ ಓಡ್ತಾ ಇದೆ, ಇನ್ನೂ ಎಷ್ಟೋ ಜನ ಹೆರಿಗೆಗೆ ಮಾತ್ರ ಅಂದ್ಕೊಂಡಿದಾರೆ. ಗಾಡಿ ಬರೋವರೆಗೂ ಒಬ್ಬ ತಲೆ ಹತ್ರ ಮಂಡಿಯೂರಿ ಕೂತು ಎರಡೂ ಕೈಯಿಂದ ತಲೆಯನ್ನ ಅಲ್ಲಾಡದ ಹಾಗೆ ಹಿಡಿದಿರಲಿ. ಕಾಲ್ಬೆರಳು ಆಡಿಸು ಅಂತ ಒಂದು ಸಲ ಹೇಳಿ ನೋಡಿ, ಗಡಿಯಾರದ ಟೈಮ್ ಜೊತೆ ನೆನಪಿಟ್ಟುಕೊಳ್ಳಿ. ಮೊದಲು ಆಡ್ತಿತ್ತು, ಆಮೇಲೆ ನಿಂತಿತು ಅನ್ನೋ ಒಂದು ಮಾತು ಡಾಕ್ಟರಿಗೆ ತುಂಬಾ ಮುಖ್ಯ. ಕಂಬಳಿ ಹೊದಿಸಿ, ಇವರಿಗೆ ಮೈ ಬೇಗ ತಣ್ಣಗಾಗುತ್ತೆ. ಕುಡಿಯೋಕೆ ತಿನ್ನೋಕೆ ಏನೂ ಕೊಡಬೇಡಿ, ಮಲಗಿದವನು ವಾಂತಿ ಮಾಡಿಕೊಂಡರೆ ಉಸಿರಿಗೆ ಸಿಕ್ಕಿಕೊಳ್ಳುತ್ತೆ. ಆಪರೇಷನ್‌ಗೂ ತೊಂದರೆ.

ಗಾಡಿ ಬರೋದೇ ಇಲ್ಲ, ನಾವೇ ಸಾಗಿಸಬೇಕು ಅಂದ್ರೆ ಹಲಗೆ ಬೇಕು. ಹಳೇ ಬಾಗಿಲಾದ್ರೂ ಸರಿ. ನಾಲ್ಕೈದು ಜನ ಬೇಕು. ತಲೆ ಹಿಡಿದವನೇ ಯಜಮಾನ, ಅವನು ಎಣಿಸಿದಾಗ ಮಿಕ್ಕವರು ಭುಜ, ಸೊಂಟ, ಕಾಲು ಹಿಡಿದು ಮರದ ದಿಮ್ಮಿ ಹೊರಳಿಸೋ ಥರ ಇಡೀ ಮೈಯನ್ನ ಒಟ್ಟಿಗೆ ಪಕ್ಕಕ್ಕೆ ಹೊರಳಿಸಿ, ಹಲಗೆ ತಳ್ಳಿ, ಮತ್ತೆ ಒಟ್ಟಿಗೆ ಅಂಗಾತ ಮಾಡಬೇಕು. ತಲೆ ಎರಡೂ ಪಕ್ಕ ಮಡಚಿದ ಗೋಣಿಚೀಲ. ಟವೆಲ್ಲಿನಿಂದ ಹಲಗೆಗೆ ಕಟ್ಟಿ, ಎದೆ ಬಿಗಿಯಬೇಡಿ. ಟಾಟಾ ಏಸ್ ಹಿಂದೆ ಮಲಗಿಸಿಕೊಂಡು ನಿಧಾನ ಹೋದರೂ ಕಾರಿನ ಹಿಂದಿನ ಸೀಟಲ್ಲಿ ಮುದುರಿ ಕೂರಿಸಿಕೊಂಡು ಜೋರಾಗಿ ಹೋಗೋದಕ್ಕಿಂತ ಎಷ್ಟೋ ಮೇಲು.

ಎಲ್ಲಿಗೆ? ನಮ್ಮ ಪುಣ್ಯಕ್ಕೆ ಈ ಭಾಗದವರಿಗೆ ದೂರ ಇಲ್ಲ. ಹೆಬ್ಬಾಳ, ಮತ್ತಿಕೆರೆ, ಯಶವಂತಪುರದ ಸುತ್ತ ನರದ ಸರ್ಜನ್ನು, ಎಂಆರ್‌ಐ ಎರಡೂ ಇರೋ ದೊಡ್ಡ ಆಸ್ಪತ್ರೆಗಳಿವೆ. ನಿಮ್ಹಾನ್ಸ್ ಇದೆ, ಆದ್ರೆ ಅದು ಹೊಸೂರು ರಸ್ತೆಯಲ್ಲಿ, ಇಡೀ ಊರು ದಾಟಬೇಕು. ಹೊರಡೋ ಮುಂಚೆ ಫೋನ್ ಮಾಡಿ ಎರಡೇ ಪ್ರಶ್ನೆ ಕೇಳಿ: ನರದ ಸರ್ಜನ್ ಈಗ ಇದಾರಾ, ಎಂಆರ್‌ಐ ಈಗ ಆಗುತ್ತಾ. ಆಯುಷ್ಮಾನ್ ಕಾರ್ಡು ಇದ್ದರೆ ಆ ಆಸ್ಪತ್ರೆ ಅದರಲ್ಲಿ ಇದೆಯಾ ಅಂತ ಮೂರನೇದು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಡೈರಿ, ಸೊಸೈಟಿ ಸದಸ್ಯರು ಯಶಸ್ವಿನಿ ಕಟ್ಟಿದೀರಾ ನೋಡಿಕೊಳ್ಳಿ. ಕಾರ್ಡುಗಳ ಫೋಟೋ ಮನೆಯ ಎಲ್ಲರ ಮೊಬೈಲಲ್ಲೂ ಇರಲಿ, ಬಿದ್ದವನ ಮೊಬೈಲಲ್ಲಿ ಮಾತ್ರ ಇದ್ದರೆ ಲಾಕ್ ತೆಗೆಯೋರು ಯಾರು?

ಆಸ್ಪತ್ರೆ ಸೇರಿದ ಮೇಲೆ ಇನ್ನೊಂದು ಥರದ ಒತ್ತಡ ಶುರು. ಹಲಗೆ ಸಾಗಿಸೋಕೆ ಮಾತ್ರ, ತಲುಪಿದ ತಕ್ಷಣ ತೆಗೆಸಿ. ಸ್ಪರ್ಶ ಇಲ್ಲದ ಮೈ ಒಂದೇ ಕಡೆ ಒತ್ತಿಕೊಂಡು ಎರಡು ಮೂರು ಗಂಟೆ ಇದ್ದರೆ ಚರ್ಮದ ಕೆಳಗೆ ರಕ್ತ ನಿಂತು ಹುಣ್ಣು ಶುರುವಾಗುತ್ತೆ. ಹುರಿಯೊಳಗೆ ನಡೆದ ಕಥೆಯೇ ಚರ್ಮದಲ್ಲೂ. ನಮಗೆ ಮಲಗಿದಲ್ಲಿ ನೋವಾದ್ರೆ ನಿದ್ದೆಯಲ್ಲೇ ಹೊರಳ್ತೀವಿ, ಅವನಿಗೆ ನೋವೇ ಗೊತ್ತಾಗಲ್ಲ. ಆ ಹುಣ್ಣು ಮೂಳೆವರೆಗೂ ಇಳಿದು ನಂಜಾಗುತ್ತೆ. ಮೂತ್ರದ ನಂಜು ಇನ್ನೊಂದು ಕಡೆ. ಮೊದಲೆಲ್ಲ ಬೆನ್ನುಹುರಿ ಏಟಾದವರು ಹುರಿಯಿಂದಲ್ಲ, ಈ ಎರಡರಿಂದಲೇ ಸಾಯ್ತಿದ್ದರು. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಲುಡ್ವಿಗ್ ಗಟ್‌ಮನ್ ಅನ್ನೋ ಡಾಕ್ಟರು ಗಾಯಗೊಂಡ ಸಿಪಾಯಿಗಳನ್ನ ಹಗಲೂ ರಾತ್ರಿ ಎರಡೆರಡು ಗಂಟೆಗೆ ಹೊರಳಿಸೋ ಪದ್ಧತಿ ತಂದು ಆ ಸಾವು ನಿಲ್ಲಿಸಿದರು. ಯಂತ್ರ ಅಲ್ಲ, ಔಷಧಿ ಅಲ್ಲ, ಹೊರಳಿಸೋದು. ಮನೆಗೆ ಬಂದ ಮೇಲೂ ಇದೇ ಕೆಲಸ. ಅಲಾರಂ ಇಟ್ಕೊಳ್ಳಿ, ಮನೆಯವರು ಸರದಿ ಮಾಡ್ಕೊಳ್ಳಿ. ಸೊಸೆ ಒಬ್ಬಳ ತಲೆಗೆ ಕಟ್ಟಬೇಡಿ.

ನಡೆಯೋಕೆ ಆಗದೇ ಹೋದರೆ ಬದುಕು ಮುಗೀತು ಅನ್ನೋ ಮಾತನ್ನೂ ನಾನು ಒಪ್ಪಲ್ಲ. ವೆಲ್ಲೂರಿನ ಸಿಎಂಸಿ ಆಸ್ಪತ್ರೆಗೆ ನಮ್ಮ ಕಡೆಯವರು ಹೋಗ್ತಾನೇ ಇರ್ತಾರೆ. ಅಲ್ಲಿ ಮೇರಿ ವರ್ಗೀಸ್ ಅಂತ ಡಾಕ್ಟರಮ್ಮ ಇದ್ದರು. 1954ರಲ್ಲಿ ಗಾಡಿ ಅಪಘಾತವಾಗಿ ಸೊಂಟದಿಂದ ಕೆಳಗೆ ಸ್ವಾಧೀನ ಹೋಯ್ತು. ಗಾಲಿಕುರ್ಚಿಯಲ್ಲಿ ಕೂತೇ ಕುಷ್ಠರೋಗಿಗಳ ಕೈಗೆ ಆಪರೇಷನ್ ಮಾಡಿದರು, 1966ರಲ್ಲಿ ಅಲ್ಲೇ ಪುನಶ್ಚೇತನ ಕೇಂದ್ರ ಕಟ್ಟಿದರು. ನಮ್ಮ ಬೆಂಗಳೂರಿನಲ್ಲೇ, ಲಿಂಗರಾಜಪುರದಲ್ಲಿ, 1959ರಿಂದ ಇರೋ ಎಪಿಡಿ ಸಂಸ್ಥೆ ಬೆನ್ನುಹುರಿ ಏಟಾದವರಿಗೆ ಗಾಲಿಕುರ್ಚಿಯಲ್ಲಿ ಬದುಕೋದು ಕಲಿಸುತ್ತೆ. ಅಂಗವಿಕಲರಿಗೆ ತೋಟಗಾರಿಕೆ ತರಬೇತಿಯನ್ನೂ ಕೊಡ್ತಾರೆ, ಇದು ನಮ್ಮವರಿಗೆ ಗೊತ್ತೇ ಇಲ್ಲ. ಕಾಲಿಲ್ಲದವನು ನರ್ಸರಿ ನಡೆಸಬಹುದು, ಡೈರಿ ಲೆಕ್ಕ ಬರೀಬಹುದು. ಮೂಲೆ ಕೋಣೆಯಲ್ಲಿ ಮಂಚ ಹಾಕಿ ಬಾಗಿಲು ಮುಂದಕ್ಕೆ ಎಳೆದರೆ ಏನೂ ಆಗಲ್ಲ.

ಸರ್ಕಾರದವರಿಗೂ ಒಂದು ಮಾತು. 2016ರಲ್ಲಿ ನೆಲಮಂಗಲದ ಹತ್ರ ರಸ್ತೆ ಅಪಘಾತದಲ್ಲಿ ಸಾಯುವಾಗಲೂ ಅಂಗದಾನ ಮಾಡಿ ಅಂತ ಕೇಳಿದ ಹುಡುಗನ ಹೆಸರಲ್ಲಿ ಸಾಂತ್ವನ ಹರೀಶ್ ಯೋಜನೆ ತಂದರು. ರಸ್ತೆಯಲ್ಲಿ ಏಟಾದವರಿಗೆ ಮೊದಲ 48 ಗಂಟೆಗೆ 25 ಸಾವಿರದವರೆಗೆ ಸರ್ಕಾರ ಕೊಡೋದು ಅಂತ ಆಗ ಮಾಡಿದರು. ಒಳ್ಳೇ ಯೋಜನೆ. ಆದ್ರೆ ಅದೇ ರಸ್ತೆ ಪಕ್ಕದ ತೋಟದಲ್ಲಿ ಮರದಿಂದ ಬಿದ್ದವನಿಗೆ ಆ 48 ಗಂಟೆ ಇಲ್ಲವಾ? ಹುರಿಗೆ ಟಾರು ರಸ್ತೆ ಯಾವುದು, ತೋಟ ಯಾವುದು ಅಂತ ಗೊತ್ತಾಗಲ್ಲ. ಮರ, ಟ್ರ್ಯಾಕ್ಟರ್, ಬಾವಿ ಇವನ್ನೂ ಇಂಥ ಯೋಜನೆಯೊಳಗೆ ಸೇರಿಸಿ ಅಂತ ರೈತ ಸಂಘಗಳು ಕೇಳಬೇಕು. ಬೆಂಬಲ ಬೆಲೆಗೆ ರಸ್ತೆ ತಡೆ ಮಾಡ್ತೀವಿ, ಇದಕ್ಕೆ ಒಂದು ಮನವಿ ಪತ್ರವನ್ನೂ ಕೊಟ್ಟಿಲ್ಲ.

ಮರ ಹತ್ತಿಸೋರಿಗೆ ಅಂದ್ರೆ ನಮಗೇ ಇನ್ನೊಂದು ಮಾತು. ತೆಂಗು ಅಭಿವೃದ್ಧಿ ಮಂಡಳಿ 2011ರಿಂದ ತೆಂಗಿನ ಮರ ಹತ್ತೋ ಯಂತ್ರದ ತರಬೇತಿ ಕೊಡ್ತಾ ಬಂದಿದೆ, ಹತ್ತೋರಿಗೆ ಕೇರ ಸುರಕ್ಷಾ ಅಂತ ವಿಮೆಯೂ ಇದೆ, ಕಂತಿನ ದೊಡ್ಡ ಪಾಲು ಮಂಡಳಿಯೇ ಕಟ್ಟುತ್ತೆ. ಕೊಯ್ಯೋಕೆ ಬಂದವನಿಗೆ ಮರಕ್ಕೆ ಇಷ್ಟು ಅಂತ ಚೌಕಾಸಿ ಮಾಡೋ ಮುಂಚೆ ವಿಮೆ ಇದೆಯಾ ಅಂತ ಕೇಳಿ. ಇಲ್ಲದಿದ್ದರೆ ಅವನ ಪಾಲಿನ ಕಂತು ನಾವು ನಾಲ್ಕು ತೋಟದವರು ಸೇರಿ ಕಟ್ಟಿದರೂ ಒಂದು ಮೂಟೆ ಹಿಂಡಿ ಬೆಲೆ ಆಗಲ್ಲ. ಹುಣಸೆಗೆ ಯಂತ್ರ ನಡೆಯಲ್ಲ, ಅಲ್ಲಿ ಸೊಂಟಕ್ಕೆ ಬೆಲ್ಟು, ಗಟ್ಟಿ ಕೊಂಬೆಗೆ ಹಗ್ಗ. ಮಂಜು ಬಿದ್ದ ಬೆಳಗ್ಗೆ ಹತ್ತಿಸಬೇಡಿ, ತೊಗಟೆ ಜಾರುತ್ತೆ. ಕುಡಿದು ಬಂದವನನ್ನ ವಾಪಸ್ ಕಳಿಸಿ, ಹಣ್ಣು ಒಂದು ದಿನ ಮರದಲ್ಲಿದ್ದರೆ ಕೊಳೆಯಲ್ಲ.

ನಮ್ಮ ಡೈರಿ ಸಭೆಯಲ್ಲಿ ಈ ಸಲ ಒಂದು ವಿಷಯ ಇಡ್ತಾ ಇದೀನಿ: ಡೈರಿ ಗೋಡೆಗೆ ಒಂದು ಹಲಗೆ ನೇತುಹಾಕಬೇಕು. ಆರೂವರೆ ಅಡಿ ಉದ್ದ, ಒಂದೂವರೆ ಅಡಿ ಅಗಲ, ಮುಕ್ಕಾಲು ಇಂಚಿನ ಪ್ಲೈವುಡ್, ಪಕ್ಕದಲ್ಲಿ ಕೈ ತೂರೋಷ್ಟು ತೂತು, ನಾಲ್ಕು ಬೆಲ್ಟು. ಎತ್ತೋ ರೀತಿಯನ್ನ ಹತ್ತು ಹುಡುಗರಿಗೆ ಒಂದು ಭಾನುವಾರ ತೋರಿಸಿಕೊಡೋಕೆ 108ರ ಸಿಬ್ಬಂದಿಯೊಬ್ಬರು ಒಪ್ಪಿದ್ದಾರೆ. ಪ್ಲೈವುಡ್ ನಾನು ಕೊಡ್ತೀನಿ, ಬಡಗಿ ಕೂಲಿ ಸಂಘ ಹಾಕಲಿ. ಪಕ್ಕದ ಊರಿನವರು ಅಳತೆ ಬೇಕಿದ್ದರೆ ಬಂದು ನೋಡಿಕೊಂಡು ಹೋಗಬಹುದು, ಶಿವರಾತ್ರಿ ಹೊತ್ತಿಗೆ ರೆಡಿ ಇರುತ್ತೆ.